ತೂಕಕ್ಕೆ ಸಿಗದ ಹೊಗೆಯನ್ನು ಎಣಿಸಲು ಕೇಳೋಣ



ಇವತ್ತು ಬೆಂಗಳೂರಿನ ಹೆಬ್ಬಾಳದ ಗಾಳಿ ಹೇಗಿದೆ, ಪೀಣ್ಯದ್ದು ಹೇಗಿದೆ ಎಂದು ಮೊಬೈಲಿನಲ್ಲಿ ನೋಡಿಕೊಳ್ಳುವ ಅಭ್ಯಾಸ ಈಗ ನಮ್ಮಲ್ಲಿ ಅನೇಕರಿಗಿದೆ. ಅಲ್ಲಿ ಕಾಣುವ ಪಿಎಂ 2.5, ಪಿಎಂ 10 ಅಂಕಿಗಳು ಹೇಳುವುದು ದೂಳಿನ ತೂಕವನ್ನು. ಆದರೆ ವಾಹನದ ಸೈಲೆನ್ಸರಿನಿಂದ ಹೊರಬೀಳುವ ಕಣಗಳಲ್ಲಿ ಬಹುಪಾಲು 100 ನ್ಯಾನೊಮೀಟರಿಗಿಂತ ಚಿಕ್ಕವು. 50 ನ್ಯಾನೊಮೀಟರಿನ 1,25,000 ಕಣಗಳು ಸೇರಿದರೆ 2.5 ಮೈಕ್ರಾನಿನ ಒಂದೇ ಕಣದ ತೂಕ ಆದೀತು! ಹಾಗಾಗಿ ತೂಕದ ಲೆಕ್ಕದಲ್ಲಿ ಅವು ಇದ್ದೂ ಇಲ್ಲದಂತೆ. ಶ್ವಾಸಕೋಶಕ್ಕೆ ಹಾಗಲ್ಲ. ಗಾಳಿಗೂಡುಗಳ ತಳದವರೆಗೆ ಇಳಿದು, ಅಲ್ಲಿಂದ ರಕ್ತಕ್ಕೂ ದಾಟಬಲ್ಲಷ್ಟು ಸಣ್ಣವು ಅವು.

ಇವನ್ನು ಎಣಿಸುವ ಉಪಕರಣ ಇದೆ. ಒಳಗೆಳೆದ ಗಾಳಿಯನ್ನು ಅದು ಬ್ಯುಟನಾಲ್ ಅಥವಾ ನೀರಿನ ಆವಿಯಲ್ಲಿ ಹಾಯಿಸುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಕೂರುವಂತೆ ಆವಿ ಪ್ರತಿ ಕಣದ ಮೇಲೂ ಕೂತು ಹನಿ ಬಲಿಯುತ್ತದೆ. ಆ ಹನಿ ಲೇಸರ್ ಬೆಳಕನ್ನು ದಾಟುವಾಗ ಒಮ್ಮೆ ಮಿನುಗುತ್ತದೆ, ಮಿನುಗಿದಷ್ಟು ಎಣಿಕೆ. ಅಂಗಡಿಯಲ್ಲಿ ಸಿಗುವ ಅಗ್ಗದ ಸೆನ್ಸರ್‌ಗಳಿಗೆ ಈ ಕಣಗಳು ಕಾಣುವುದೇ ಇಲ್ಲ.

ಎಣಿಕೆಯ ಜೊತೆಗೆ ಕಣದ ಗಾತ್ರ, ಹೊತ್ತು, ಗಾಳಿಯ ದಿಕ್ಕು, ಮಸಿಯ ಪ್ರಮಾಣ ಇವನ್ನೂ ದಾಖಲಿಸಿದರೆ ಹೊಗೆ ಎಲ್ಲಿಂದ ಬಂತೆಂದು ಹೇಳಬಹುದು. ಬೆಳಗಿನ ಟ್ರಾಫಿಕ್ ಹೊತ್ತಿಗೆ ಮಸಿಯೊಡನೆ ಏರಿದರೆ ಅದು ಹೆಚ್ಚಾಗಿ ರಸ್ತೆಯದು. ವಿಮಾನದ ಎಂಜಿನ್ನಿನ ಕಣಗಳು ಇನ್ನೂ ಚಿಕ್ಕವು, 20 ನ್ಯಾನೊಮೀಟರಿನ ಆಸುಪಾಸಿನವು. ಮಧ್ಯಾಹ್ನದ ಬಿಸಿಲಿಗೆ ಅನಿಲಗಳಿಂದಲೇ ಹೊಸ ಕಣ ಹುಟ್ಟುವುದೂ ಉಂಟು. ಅದನ್ನು ಬಸ್ಸಿನ ತಲೆಗೆ ಕಟ್ಟುವುದು ಅನ್ಯಾಯ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಇದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ನಿಯಮದಲ್ಲಿ ಹೊಸ ಡೀಸೆಲ್ ಕಾರು ಕಿಲೋಮೀಟರಿಗೆ 60,000 ಕೋಟಿಗಿಂತ ಹೆಚ್ಚು ಕಣ ಉಗುಳಬಾರದು. ಅಂದರೆ ಕಾರು ಮಾರುಕಟ್ಟೆಗೆ ಬರುವ ಮುನ್ನ ಕಣ ಎಣಿಸಬೇಕೆಂದು ಸರ್ಕಾರವೇ ಒಪ್ಪಿದೆ. ಅದೇ ಕಾರು ರಸ್ತೆಗಿಳಿದ ಮೇಲೆ ನಾವು ಮಾಡಿಸುವ ಎಮಿಷನ್ ಟೆಸ್ಟ್‌ನಲ್ಲಿ ಆ ಎಣಿಕೆ ಇಲ್ಲ. 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದ ಹನ್ನೆರಡು ಮಾಲಿನ್ಯಕಾರಕಗಳ ಪಟ್ಟಿಯಲ್ಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಈ ಕಣಗಳನ್ನು ಎಣಿಸಿ ಎಂದು ಹೇಳಿ, ದಿನದ ಸರಾಸರಿ ಘನ ಸೆಂಟಿಮೀಟರಿಗೆ 10,000 ದಾಟಿದರೆ ಹೆಚ್ಚೆಂದೇ ಪರಿಗಣಿಸಬೇಕು ಎಂದಿದೆ. ಯುರೋಪ್ ಒಕ್ಕೂಟ 2024ರಲ್ಲಿ ಈ ಎಣಿಕೆಯನ್ನು ಕಾನೂನಿಗೂ ತಂದಿತು.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಮೊದಲಿಗೆ ಎರಡು ಎಣಿಕೆ ಕೇಂದ್ರ ಸಾಕು: ಒಂದು ಸಿಲ್ಕ್ ಬೋರ್ಡಿನಂಥ ಜಂಕ್ಷನ್‌ನಲ್ಲಿ, ಇನ್ನೊಂದು ಲಾಲ್‌ಬಾಗಿನ ಒಳಗೆ. ಎರಡರ ವ್ಯತ್ಯಾಸವೇ ರಸ್ತೆಯ ಪಾಲು ಎಷ್ಟೆಂದು ಹೇಳತೊಡಗುತ್ತದೆ. ಹೆದ್ದಾರಿಯಿಂದ ಸುಮಾರು 300 ಮೀಟರ್ ದೂರ ಹೋಗುವಷ್ಟರಲ್ಲಿ ಈ ಕಣಗಳ ಸಂಖ್ಯೆ ಸುತ್ತಲಿನ ಮಟ್ಟಕ್ಕೆ ಇಳಿಯುತ್ತದೆ ಎಂದು ಲಾಸ್ ಏಂಜಲೀಸ್‌ನಲ್ಲಿ ಅಳೆದು ಕಂಡುಕೊಂಡಿದ್ದಾರೆ. ಮುಖ್ಯರಸ್ತೆಗೆ ಅಂಟಿಕೊಂಡೇ ಇರುವ ನಮ್ಮ ಶಾಲೆಗಳನ್ನು ನೆನೆಯಿರಿ. ನಾವೇ ಮಾಡಬಹುದಾದದ್ದೂ ಇದೆ. ಮಕ್ಕಳನ್ನು ಕರೆದೊಯ್ಯಲು ಬಂದವರು ಗೇಟಿನ ಮುಂದೆ ಎಂಜಿನ್ ಆಫ್ ಮಾಡಿ. ಗುಡಿಸಿದ ಒಣಎಲೆಗೆ ಪ್ಲಾಸ್ಟಿಕ್ ಕವರಿನ ಸಮೇತ ಬೆಂಕಿ ಇಡುವುದನ್ನು ಕಂಡರೆ ತಡೆಯಿರಿ.

ನಿಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಮುಂದಿನ ಸಭೆಯಲ್ಲಿ ಎಣಿಕೆ ಕೇಂದ್ರಗಳ ಬೇಡಿಕೆಯನ್ನು ಠರಾವು ಮಾಡಿ, ಸಹಿ ಹಾಕಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಿ. ಒಂದು ಪ್ರತಿ ನಿಮ್ಮ ಶಾಸಕರಿಗೂ ಕೊಡಿ.