ಮುಳ್ಳು ಮತ್ತು ಹೆಂಚು
ಕಷ್ಟದೊಳಗಿಂದಲೂ ದೇವರು ಒಳಿತನ್ನು ತರಬಲ್ಲನೆಂಬುದು ಕ್ರೈಸ್ತ ನಂಬಿಕೆಯ ಹುರುಳು; ಕಷ್ಟವೇ ಒಳ್ಳೆಯದೆಂದು ಅದು ಹೇಳುವುದಿಲ್ಲ. ಬೈಬಲಿನಲ್ಲಿ, ಅಣ್ಣಂದಿರು ಮಾರಿಬಿಟ್ಟ ಯೋಸೇಫನೇ ಮುಂದೆ ಬರಗಾಲದಲ್ಲಿ ಅವರಿಗೆ ಅನ್ನ ಕೊಟ್ಟ. ದೇಹಕ್ಕೆ ನಾಟಿದ ಮುಳ್ಳು ಹೋಗಲೆಂದು ಅಪೊಸ್ತಲ ಪೌಲ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ತಾಳಿಕೊಳ್ಳುವ ಬಲ ಬಂತು. ಕರ್ನಾಟಕದಲ್ಲಿ ಈ ನಂಬಿಕೆಗೆ ಕೈಗೆಟುಕುವ ಸಾಕ್ಷಿ ಮಂಗಳೂರಿನದು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ ಕ್ರೈಸ್ತರಾದವರಲ್ಲಿ ಹಲವರು ಜಾತಿಯಿಂದಲೂ ಮನೆಯಿಂದಲೂ ಹೊರಬಿದ್ದು, ಕಸುಬೂ ಇಲ್ಲದವರಾದರು. ಅವರ ಹೊಟ್ಟೆಪಾಡಿಗೆಂದು ಮಿಷನ್ ಮಗ್ಗ ಹೂಡಿತು. 1865ರಲ್ಲಿ ಅದೇ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೊಳೆದಂಡೆಯ ಜೇಡಿಮಣ್ಣನ್ನು ತುಳಿದು ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಟ್ಟರೆ ಕೆಂಪು ಹೆಂಚು. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಬಿಗಿಯಾಗಿ ಕೂರುವುದರಿಂದ ಕರಾವಳಿಯ ಜಡಿಮಳೆಯೂ ಒಳಗಿಳಿಯದು. ಬಹಿಷ್ಕಾರದ ನೋವನ್ನು ಈ ಕಸುಬು ಅಳಿಸಿತೆಂದರೆ ಸುಳ್ಳಾದೀತು. ತವರು, ಬಂಧುಬಳಗ ಮರಳಿ ಸಿಗಲಿಲ್ಲ. ಆದರೂ ಸೂರು ಕಳೆದುಕೊಂಡವರ ಕೈಯಲ್ಲೇ ರೂಪುಗೊಂಡ ಆ ಮಂಗಳೂರು ಹೆಂಚು ಘಟ್ಟ ಹತ್ತಿ ಮೈಸೂರು ಸೀಮೆಯ ಮನೆಗಳಿಗೂ ಸೂರಾಗಿ ಬಂತು.