ನಿಂತ ನೀರಿನಲ್ಲಿ ಹವಳ ಬಾಳದು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಬಿಟ್ಟು ಮೀನಿನ ತೊಟ್ಟಿಯ ವಿಷಯವಾಗಿ ಬರೆಯಹೊರಟಿದ್ದಾನಲ್ಲಾ ಎಂದು ಮಿತ್ರರು ನಗಬಹುದು. ನಗಲಿ. ಎರಡು ವರ್ಷಗಳಿಂದ ದಿನವೂ ಕಣ್ಣೆದುರಿಗೆ ಕಂಡ ಒಂದು ಸಂಗತಿಯ ವಿಚಾರದಲ್ಲಿ ನನಗೊಂದು ಅಭಿಪ್ರಾಯ ಬಲಿತಿದೆ. ಪುಸ್ತಕದಿಂದ ಎತ್ತಿ ಬರೆಯುವುದಕ್ಕಿಂತ ನೋಡಿ, ಕೈಸುಟ್ಟುಕೊಂಡು ತಿಳಿದದ್ದನ್ನು ಬರೆಯುವುದು ಮೇಲೆಂದು ನಮ್ಮ ಅಧ್ಯಾಪಕರೂ ಹೇಳುತ್ತಿರುತ್ತಾರೆ. ನನ್ನ ಅಭಿಪ್ರಾಯ ಇಷ್ಟೆ: ಹವಳವನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವವರು ದೀಪಕ್ಕೂ ಔಷಧಿಗೂ ಹಣ ಸುರಿಯುವ ಮುನ್ನ ನೀರಿನ ಹರಿವನ್ನು ಸರಿಪಡಿಸಿಕೊಳ್ಳಬೇಕು. ಅದನ್ನು ಮಾಡಲಾರದವರು ಆ ಜೀವಿಗಳನ್ನು ಮನೆಗೆ ತರಲೇಕೂಡದು.

ನಾನು ಓದಿಗಾಗಿ ಬೆಂಗಳೂರಿನಲ್ಲಿ ಸೋದರಮಾವನವರ ಮನೆಯಲ್ಲಿದ್ದೇನೆ. ಮಾವನವರು ಒಮ್ಮೆ ಮುರುಡೇಶ್ವರಕ್ಕೆ ಹೋದವರು ದೋಣಿಯಲ್ಲಿ ನೇತ್ರಾಣಿ ದ್ವೀಪದ ಬಳಿಗೆ ಹೋಗಿ, ನೀರಿನೊಳಗೆ ಮುಖವಿಟ್ಟು ಅಲ್ಲಿಯ ಹವಳಗಳನ್ನು ಕಂಡು ಬಂದರು. ಅಂದಿನಿಂದ ಅವರಿಗೆ ಅದೇ ಧ್ಯಾನ. ಕೆಲಸದಿಂದ ನಿವೃತ್ತರಾದ ವರ್ಷವೇ ನಡುಮನೆಯಲ್ಲಿ ಒಂದು ತೊಟ್ಟಿಯನ್ನು ಇಡಿಸಿದರು. ಅದರ ಉದ್ದ 60 ಸೆಂಟಿಮೀಟರು, ಅಗಲ 40, ಎತ್ತರ 40. ಕಲ್ಲು, ಮರಳು ಹಾಕಿದ ಮೇಲೆ ಅದರಲ್ಲಿ ನಿಲ್ಲುವ ನೀರು ಸುಮಾರು 75 ಲೀಟರು. ಬೆಂಗಳೂರಿಗೆ ಕಡಲೆಲ್ಲಿಂದ ಬರಬೇಕು? ಶುದ್ಧೀಕರಿಸಿದ ನೀರಿಗೆ ಅಂಗಡಿಯಲ್ಲಿ ಸಿಕ್ಕುವ ಸಮುದ್ರದ ಉಪ್ಪಿನ ಪುಡಿಯನ್ನು ಲೀಟರಿಗೆ ಸುಮಾರು 35 ಗ್ರಾಮಿನಂತೆ ಬೆರೆಸಿದರೆ ಅದೇ ನಮ್ಮ ಅರಬ್ಬೀ ಸಮುದ್ರ! ಅದರಲ್ಲಿ ಎರಡು ಕ್ಲೌನ್ ಮೀನು, ಒಂದು ಸೀಗಡಿ, ನಾಲ್ಕಾರು ಮೆದುಹವಳದ ತುಂಡುಗಳು.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ಕಲ್ಲುಹವಳ, ಕಪ್ಪುಹವಳ, ಕಡಲಬೀಸಣಿಗೆ ಮುಂತಾದವನ್ನು ನಮ್ಮ ಕಡಲಿನಿಂದ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಮಾವನವರ ತೊಟ್ಟಿಯಲ್ಲಿ ಅಂಥವು ಯಾವುವೂ ಇಲ್ಲ. ಇದ್ದ ಮೆದುಹವಳಗಳು ಇನ್ನೊಂದು ತೊಟ್ಟಿಯಲ್ಲಿ ಬೆಳೆದು ಕವಲೊಡೆದವು. ನೇತ್ರಾಣಿಯ ಹವಳ ನೇತ್ರಾಣಿಯಲ್ಲಿಯೇ ಇದೆ, ಅಲ್ಲಿಯೇ ಇರಲಿ.

ಮೊದಲ ಆರು ತಿಂಗಳು ಮಾವನವರಿಗೆ ನೆಮ್ಮದಿಯಿರಲಿಲ್ಲ. ತೊಟ್ಟಿಯ ಹಿಂಭಾಗದ ಮರಳಿನ ಮೇಲೆ ಕೆಂಪಗಿನ ಲೋಳೆ ಹಬ್ಬಿತು. ನೀರಿನ ಮೇಲ್ಗಡೆ ಎಣ್ಣೆಯ ಪೊರೆಯಂತೆ ಏನೋ ಕಟ್ಟಿತು. ಕಲ್ಲಿನ ಸಂದಿನಲ್ಲಿದ್ದ ಮೆದುಹವಳವೊಂದು ದಿನದಿಂದ ದಿನಕ್ಕೆ ಮುದುಡಿಕೊಂಡು, ಬುಡದಲ್ಲಿ ಕೊಳೆಯತೊಡಗಿತು. ಅಂಗಡಿಯವರು ದೀಪ ಸಾಲದೆಂದರು, ದೀಪ ಬಂತು. ನೀರಿಗೆ ಇಂಥ ಸತ್ತ್ವವನ್ನು ಬೆರೆಸಿರೆಂದರು, ಸೀಸೆಗಳು ಬಂದವು. ಅತ್ತೆಯವರು, "ಈ ತೊಟ್ಟಿಗೆ ಹಾಕಿದ ದುಡ್ಡಿನಲ್ಲಿ ಒಂದು ಹಸು ಕಟ್ಟಬಹುದಿತ್ತು. ಹಾಲಾದರೂ ಕೊಡುತ್ತಿತ್ತು" ಎಂದು ಗೊಣಗಿದರು. ಇಷ್ಟೆಲ್ಲ ಆದರೂ ಮೂಲೆಯಲ್ಲಿ ತಿರುಗುತ್ತಿದ್ದ ಒಂದೇ ಒಂದು ಸಣ್ಣ ಪಂಪಿನ ಕಡೆಗೆ ಯಾರೂ ತಿರುಗಿ ನೋಡಲಿಲ್ಲ. ಅದು ಗಂಟೆಗೆ 400 ಲೀಟರು ನೀರನ್ನು ತಳ್ಳುವುದೆಂದು ಅದರ ಡಬ್ಬಿಯ ಮೇಲೆ ಬರೆದಿತ್ತು. ಎಂದರೆ ತೊಟ್ಟಿಯ ನೀರು ಗಂಟೆಗೆ ಐದು ಸಲದಷ್ಟು ಮಾತ್ರ ಸುತ್ತುತ್ತಿತ್ತು. ಅದೂ ಕಲ್ಲಿನ ಈಚೆಗೆ. ಆಚೆಗೆ ನೀರು ನಿಂತೇ ಇತ್ತು.

ಹರಿವಿಗೆ ಇಷ್ಟು ಮಹತ್ತ್ವವೇಕೆ ಎಂದು ಕೇಳಬಹುದು. ಮೀನು ಹಸಿದರೆ ಆಹಾರದ ಬಳಿಗೆ ಈಜುತ್ತದೆ. ಉಸಿರು ಕಟ್ಟಿದರೆ ಮೇಲಕ್ಕೆ ಬರುತ್ತದೆ. ಹವಳಕ್ಕೆ ಆ ಭಾಗ್ಯವಿಲ್ಲ. ಅದು ಬೇರೂರಿದ ಗಿಡದಂತೆ ಕಾಣುವ ಪ್ರಾಣಿ, ಕುಳಿತಲ್ಲಿಂದ ಏಳದು. ಅದಕ್ಕೆ ಬೇಕಾದ ಅನ್ನವನ್ನೂ ಆಮ್ಲಜನಕವನ್ನೂ ನೀರೇ ತಂದುಕೊಡಬೇಕು. ಅದರ ಹೊಲಸನ್ನು ನೀರೇ ತೊಳೆದುಕೊಂಡು ಹೋಗಬೇಕು. ಅದರ ಮೈಗೆ ಅಂಟಿದಂತೆ ಕದಲದ ನೀರಿನ ಒಂದು ತೆಳುವಾದ ಪದರವಿರುತ್ತದೆ. ಹರಿವು ಮಂದವಾದಷ್ಟೂ ಈ ಪದರ ದಪ್ಪವಾಗಿ, ಒಳಗಿನದು ಹೊರಗೆ ಹೋಗದೆ, ಹೊರಗಿನದು ಒಳಗೆ ಬಾರದೆ, ಜೀವಿಯು ತುಂಬಿದ ತೊಟ್ಟಿಯ ನಡುವೆಯೇ ಉಪವಾಸ ಬೀಳುತ್ತದೆ. ಇದು ತೊಟ್ಟಿಗೆ ಮಾತ್ರ ಸಲ್ಲುವ ಮಾತಲ್ಲ. 1998ರಲ್ಲಿ ಕಡಲ ನೀರು ಬಿಸಿಯೇರಿ ಲೋಕದ ಅನೇಕ ಕಡೆ ಹವಳಗಳು ಬಿಳಿಚಿಕೊಂಡು ಸತ್ತವು. ಅದನ್ನು ಕುರಿತು ಜಪಾನಿನ ಓಕಿನಾವಾದಲ್ಲಿ ಪರೀಕ್ಷೆ ನಡೆಸಿದ ನಕಮುರ ಮತ್ತು ವಾನ್ ವೂಸಿಕ್ ಎಂಬ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಫಲಿತಾಂಶ ಗಮನಾರ್ಹವಾದುದು. ಒಂದೇ ಜಾತಿಯ ಹವಳ, ಒಂದೇ ಬಿಸಿ; ಆದರೂ ಹರಿವು ಚೆನ್ನಾಗಿದ್ದಲ್ಲಿ ಹವಳವು ಬದುಕಿಕೊಂಡಿತು, ಮಂದವಾಗಿದ್ದಲ್ಲಿ ಸತ್ತಿತು.

ಇದನ್ನೆಲ್ಲ ಓದಿಕೊಂಡು ನಾನು ಮಾವನವರಿಗೆ ಹೇಳಿದೆನು. ಅವರೂ ಒಪ್ಪಿದರು. ಆದರೆ ಅಲ್ಲಿ ನಾವಿಬ್ಬರೂ ಒಂದು ದೊಡ್ಡ ತಪ್ಪು ಮಾಡಿದೆವು. "ಹರಿವು ಬೇಕು ತಾನೆ? ಇದ್ದುದರಲ್ಲಿ ಜೋರಾದದ್ದನ್ನೇ ತಾರಯ್ಯ" ಎಂದು ಅವರು ದುಡ್ಡು ಕೊಟ್ಟರು. ನಾನು ಗಂಟೆಗೆ 4000 ಲೀಟರಿನ ಪಂಪೊಂದನ್ನು ತಂದು ಗಾಜಿಗೆ ಅಂಟಿಸಿದೆನು. ಮರುದಿನ ಬೆಳಿಗ್ಗೆ ನೋಡಿದರೆ ಮರಳೆಲ್ಲ ಒಂದು ಮೂಲೆಗೆ ಗುಡ್ಡೆಯಾಗಿತ್ತು. ಮೀನುಗಳೆರಡೂ ಎದುರು ಮೂಲೆಯಲ್ಲಿ ಅವಿತಿದ್ದವು. ಪಂಪಿನ ನೇರಕ್ಕಿದ್ದ ಹವಳವು ಒಂದೇ ಕಡೆಗೆ ಬಾಗಿ, ಅದರ ಮೈಯೇ ಸುಲಿದು ಹೋಗಿತ್ತು. ನಿಂತ ನೀರಿನಲ್ಲಿ ಮೂರು ತಿಂಗಳು ತಾಳಿಕೊಂಡಿದ್ದ ಆ ಜೀವಿ ನನ್ನ ಉತ್ಸಾಹವನ್ನು ನಾಲ್ಕು ದಿನವೂ ತಾಳಲಿಲ್ಲ. ಮಾವನವರು ನನ್ನನ್ನು ಬಯ್ಯಲಿಲ್ಲ. "ನನಗೂ ಬುದ್ಧಿಯಿರಲಿಲ್ಲ ಬಿಡೋ" ಎಂದಷ್ಟೇ ಅಂದು ಅದನ್ನು ಹೊರಕ್ಕೆ ತೆಗೆದರು. ಬಯ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಗ ನಮಗೆ ತಿಳಿಯಿತು: ಕಡಲಿನಲ್ಲಿ ನೀರು ಒಂದೇ ದಿಕ್ಕಿನಿಂದ ಹೊಡೆಯುವುದಿಲ್ಲ. ತೆರೆ ಬರುತ್ತದೆ, ಹಿಂದಕ್ಕೆ ಸರಿಯುತ್ತದೆ; ಬಂಡೆಗೆ ತಾಗಿ ಒಡೆಯುತ್ತದೆ; ಉಬ್ಬರವಿಳಿತದೊಡನೆ ಸೆಳವು ತಿರುಗುತ್ತದೆ. ಹವಳಕ್ಕೆ ಬೇಕಾದುದು ಈ ಓಲಾಟ. ಅದನ್ನು ಸಣ್ಣ ತೊಟ್ಟಿಯಲ್ಲಿ ತರಲು ನಾವು ಮಾಡಿದ ಏರ್ಪಾಡು ಹೀಗಿದೆ. ದೊಡ್ಡ ಪಂಪನ್ನು ತೆಗೆದು, ಗಂಟೆಗೆ 800 ಲೀಟರಿನ ಎರಡು ಪಂಪುಗಳನ್ನು ಎಡಬಲದ ಗಾಜುಗಳಿಗೆ ಎದುರುಬದುರಾಗಿ ಹಚ್ಚಿದೆವು. ಯಾವುದರ ಬಾಯಿಯೂ ಹವಳದ ನೇರಕ್ಕಿಲ್ಲ. ಎರಡೂ ಕೊಂಚ ಮೇಲ್ಮುಖವಾಗಿವೆ. ಅವುಗಳ ಧಾರೆಗಳು ನಡುವೆ ಒಂದಕ್ಕೊಂದು ತಾಗಿ ಚೆದರಿ, ಮೆತ್ತನೆಯ ಸುಳಿಗಳಾಗಿ ಕೆಳಗಿಳಿಯುತ್ತವೆ. ಟೈಮರೊಂದನ್ನು ಸೇರಿಸಿ, ಕೆಲವು ಹೊತ್ತು ಇದು, ಕೆಲವು ಹೊತ್ತು ಅದು, ನಡುವೆ ಎರಡೂ ನಡೆಯುವಂತೆ ಮಾಡಿದೆವು. ಒಂದೇ ನಡೆಯುವಾಗ ನೀರು ಗಂಟೆಗೆ ಹತ್ತು ಸಲಕ್ಕಿಂತ ತುಸು ಹೆಚ್ಚಾಗಿಯೂ, ಎರಡೂ ನಡೆಯುವಾಗ ಇಪ್ಪತ್ತು ಸಲವೂ ಸುತ್ತಿದಂತಾಗುತ್ತದೆ. ಮೆದುಹವಳಗಳಿಗೆ ಇಷ್ಟು ಸಾಕು. ಡಬ್ಬಿಯ ಮೇಲಿನ ಅಂಕಿಯನ್ನು ಪೂರ್ತಿಯಾಗಿ ನಂಬಕೂಡದೆಂಬುದನ್ನೂ ಇಲ್ಲಿ ಹೇಳಬೇಕು. ಪಂಪಿನೊಳಗೆ ಸುಣ್ಣ ಕಟ್ಟಿದಂತೆಲ್ಲ ಅದರ ಬಲ ತಗ್ಗುತ್ತದೆ. ಆದುದರಿಂದ ಆಗಾಗ್ಗೆ ಅದನ್ನು ಬಿಚ್ಚಿ ವಿನಿಗರಿನಲ್ಲಿ ನೆನೆಹಾಕಿ ತೊಳೆಯುತ್ತೇವೆ.

ಪಂಪಿಗಿಂತಲೂ ಹೆಚ್ಚಿನ ಪ್ರಯೋಜನವಾದದ್ದು ಕಲ್ಲುಗಳನ್ನು ಸರಿಸಿದ್ದರಿಂದ. ಮೊದಲು ಅವು ಹಿಂದಿನ ಗಾಜಿಗೆ ಗೋಡೆಯಂತೆ ಒತ್ತಿಕೊಂಡಿದ್ದವು. ಅವನ್ನು ನಾಲ್ಕು ಬೆರಳು ಮುಂದಕ್ಕೆ ತಂದು, ನಡುವೆ ಕಂಡಿಗಳನ್ನು ಬಿಟ್ಟು, ಎರಡು ಸಣ್ಣ ಗುಡ್ಡಗಳಾಗಿ ಪೇರಿಸಿದೆವು. ಇದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ಆಮೇಲೆ ಮೀನಿನ ಆಹಾರವನ್ನು ಪುಡಿಮಾಡಿ ಒಂದು ಚಿಟಿಕೆ ಹಾಕಿ, ಆ ಕಣಗಳು ಎಲ್ಲೆಲ್ಲಿ ಹೋಗುತ್ತವೆ, ಎಲ್ಲಿ ಸುಮ್ಮನೆ ಕೂತುಬಿಡುತ್ತವೆ ಎಂದು ಗಮನಿಸಿದೆವು. ಕೂತ ಜಾಗವೇ ರೋಗದ ಜಾಗ. ಮೊದಲು ಕೆಂಪು ಲೋಳೆ ಹಬ್ಬಿದ್ದುದೂ ಸರಿಯಾಗಿ ಅಲ್ಲಿಯೇ. ಪಂಪಿನ ಮುಖವನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ನೋಡುವುದು. ಹೀಗೆ ಒಂದು ಭಾನುವಾರವೆಲ್ಲ ಕಳೆಯಿತು. ಎರಡು ತಿಂಗಳಲ್ಲಿ ಲೋಳೆ ಹೋಯಿತು. ನೀರಿನ ಮೇಲಿನ ಪೊರೆ ಒಡೆಯಿತು. ಉಳಿದ ಹವಳಗಳು ಬಾಯ್ದೆರೆದು, ಗಾಳಿಗೆ ರಾಗಿಯ ಪೈರು ಓಲಾಡುವಂತೆ ಅತ್ತಿತ್ತ ಓಲಾಡತೊಡಗಿದವು. ಸೀಸೆಗಳು ಈಗಲೂ ಬೀರುವಿನಲ್ಲಿ ಅರ್ಧ ತುಂಬಿಯೇ ಇವೆ.

ಈ ಮಾತು ಹೊಸತೇನಲ್ಲ. ಜಕಾರ್ತ ನಗರದ ಲೀ ಚಿನ್ ಎಂಗ್ ಎಂಬವರು ಹವಳವನ್ನು ಸಾಕುವ ತಮ್ಮ ಕ್ರಮವನ್ನು 1961ರಲ್ಲಿಯೇ ಅಮೆರಿಕದ ಮೀನುಸಾಕಣೆಯ ಪತ್ರಿಕೆಯೊಂದರಲ್ಲಿ ಬರೆದರು. ಜೀವಿಗಳು ನೆಲೆಸಿದ ಕಡಲ ಕಲ್ಲು, ಕಡಲ ನೀರು, ಬಿಸಿಲು, ನೀರನ್ನು ಮೆಲ್ಲಗೆ ಆಡಿಸುವ ಗಾಳಿಗುಳ್ಳೆಗಳು: ಅವರ ಸಾಮಗ್ರಿ ಇಷ್ಟೆ. ಹವಾಯಿಯ ವೈಕಿಕಿ ಮತ್ಸ್ಯಾಲಯದ ಬ್ರೂಸ್ ಕಾರ್ಲ್‌ಸನ್ ಅವರ ಹೆಸರಿನಲ್ಲಿ ಇನ್ನೊಂದು ಉಪಾಯವು ಪ್ರಸಿದ್ಧವಾಗಿದೆ. ತೊಟ್ಟಿಯ ಮೇಲೊಂದು ಪಾತ್ರೆ. ಅದು ನಿಧಾನವಾಗಿ ತುಂಬಿ, ತುಂಬಿದೊಡನೆ ಬಾಗಿದ ಕೊಳವೆಯ ಮೂಲಕ ಒಮ್ಮೆಗೇ ಕೆಳಗೆ ಸುರಿದು, ಕಡಲ ತೆರೆಯಂತೆ ನೀರನ್ನು ನೂಕುತ್ತದೆ. ಇಬ್ಬರ ಸಾಧನಗಳೂ ಸರಳವಾದವು. ಇಬ್ಬರೂ ಕಡಲನ್ನು ಚೆನ್ನಾಗಿ ನೋಡಿದ್ದರು.

ಕಳೆದ ಮೇ ತಿಂಗಳ ಒಂದು ರಾತ್ರಿಯನ್ನು ನಾನು ಮರೆಯಲಾರೆ. ಗಾಳಿಮಳೆಗೆ ಹತ್ತು ಗಂಟೆಗೆ ಕರೆಂಟು ಹೋಯಿತು. ಮಾವನವರು ಊರಿನಲ್ಲಿರಲಿಲ್ಲ. ಪಂಪು ನಿಂತಿತು, ನೀರು ನಿಂತಿತು. ಕತ್ತಲಾದ ಮೇಲೆ ಹವಳದ ಮೈಯೊಳಗಿನ ಪಾಚಿಯೂ ಆಮ್ಲಜನಕವನ್ನು ಕೊಡುವುದನ್ನು ಬಿಟ್ಟು ತಾನೇ ಬಳಸತೊಡಗುತ್ತದೆ. ಮಧ್ಯರಾತ್ರಿಯ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಾನು ಟಾರ್ಚು ಹಿಡಿದು ದಿಕ್ಕುತೋಚದೆ ನಿಂತಿದ್ದಾಗ ಅತ್ತೆಯವರು ಎದ್ದು ಬಂದು, "ಏನಾಯಿತೋ?" ಎಂದು ಕೇಳಿದರು. ನೀರಿಗೆ ಉಸಿರಿಲ್ಲ ಎಂದೆನು. ಅವರು ಮಾತನಾಡದೆ ಅಡಿಗೆಮನೆಯಿಂದ ಒಂದು ಪ್ಲಾಸ್ಟಿಕ್ಕಿನ ಚೊಂಬನ್ನು ತಂದು, ತೊಟ್ಟಿಯ ನೀರನ್ನೇ ಮೊಗೆದು ಕಾಫಿಯನ್ನು ಆರಿಸುವಂತೆ ಎತ್ತರದಿಂದ ಸುರಿಯತೊಡಗಿದರು. ಬೆಳಗಿನ ಐದು ಗಂಟೆಗೆ ಕರೆಂಟು ಬರುವವರೆಗೆ ಸರದಿಯ ಮೇಲೆ ಸುರಿದೆವು. ಸೀಗಡಿ ಸತ್ತಿತು. ಮೀನುಗಳೂ ಹವಳಗಳೂ ಉಳಿದವು. ಹಸುವಿನ ಮಾತನ್ನು ಅತ್ತೆಯವರು ಆಮೇಲೆ ಎತ್ತಿಲ್ಲ. ಮರುವಾರವೇ ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಮನೆಗೆ ಬಂತು. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಇದನ್ನು ತೊಟ್ಟಿಯ ಜೊತೆಯಲ್ಲಿಯೇ ಕೊಳ್ಳತಕ್ಕದ್ದು. ಅಲಂಕಾರದ ಸಾಮಾನುಗಳೆಲ್ಲ ಅದರ ನಂತರ.

ಇದು ಉಳ್ಳವರ ಶೋಕಿ, ಇದಕ್ಕೆ ಇಷ್ಟೊಂದು ವಿಚಾರವೇಕೆ ಎಂದು ನನ್ನ ಸ್ನೇಹಿತನೊಬ್ಬನು ಆಕ್ಷೇಪಿಸಿದನು. ಶೋಕಿಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಡೆಯಲಾರದ ಒಂದು ಜೀವಿಯನ್ನು ನಮ್ಮ ಸಂತೋಷಕ್ಕಾಗಿ ನಾಲ್ಕು ಗಾಜುಗಳ ನಡುವೆ ಇರಿಸಿದ ಮೇಲೆ ಅದಕ್ಕೆ ಗಾಳಿಯೂ ತೆರೆಯೂ ನಾವೇ ಆಗಬೇಕು. ಆ ಹೊಣೆ ಶೋಕಿಯ ಮಾತಲ್ಲ. ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ದೀಪ. ಹರಿವು ಕಣ್ಣಿಗೆ ಬೀಳುವುದಿಲ್ಲ. ಆದುದರಿಂದಲೇ ಜನರು ದೀಪವನ್ನು ಕೊಳ್ಳುತ್ತಾರೆ, ಹರಿವನ್ನು ಮರೆಯುತ್ತಾರೆ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವೆಲ್ಲರೂ ಕೇಳಿದ್ದೇವೆ: ದೇಶದಲ್ಲಿರುವ ಹಣದ ಮೊತ್ತವನ್ನು ಮಾತ್ರ ನೋಡಿದರೆ ಸಾಲದು, ಅದು ಕೈಯಿಂದ ಕೈಗೆ ಚಲಿಸುವ ವೇಗವನ್ನೂ ನೋಡಬೇಕು. ನೀರಿನ ವಿಷಯವೂ ಹಾಗೆಯೇ. ಮಾವನವರ ತೊಟ್ಟಿಯಲ್ಲಿ ಅಂದೂ 75 ಲೀಟರು, ಇಂದೂ 75 ಲೀಟರು. ಅಂದು ಅದರಲ್ಲಿ ಹವಳ ಕೊಳೆಯಿತು, ಇಂದು ಬೆಳೆಯುತ್ತಿದೆ.

ತೊಟ್ಟಿಯನ್ನು ಇಡಬೇಕೆಂದಿರುವ ಮಿತ್ರರಲ್ಲಿ ನನ್ನದೊಂದು ವಿನಂತಿ. ಮೊದಲು ಬರಿಯ ಕಲ್ಲು, ಮರಳು, ನೀರನ್ನು ಹಾಕಿ ಪಂಪನ್ನು ನಡೆಸಿರಿ. ಒಂದು ಚಿಟಿಕೆ ಪುಡಿಯನ್ನು ಉದುರಿಸಿ ಅದು ಎಲ್ಲಿ ಕೂರುವುದೆಂದು ನೋಡಿರಿ. ಎಲ್ಲಿಯೂ ಕೂರದಂತೆ ಮಾಡಿದ ಮೇಲೆ ಹವಳದ ಮಾತನ್ನು ಆಡೋಣ. ನಾನು ಕೊಂದ ಆ ಒಂದು ತುಂಡಿನ ಒಣಗಿದ ಬುಡ ಈಗಲೂ ನನ್ನ ಓದುವ ಮೇಜಿನ ಮೇಲಿದೆ. ಈ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲವರು ಕಾಲೇಜಿನಲ್ಲಿದ್ದರೆ ತಿದ್ದಬೇಕೆಂದು ಕೋರುತ್ತೇನೆ. ಮಾವನವರ ಮನೆಗೆ ಬಂದು ನೋಡುವವರಿಗೆ ಭಾನುವಾರ ಬಾಗಿಲು ತೆರೆದೇ ಇರುತ್ತದೆ. ಅತ್ತೆಯವರೇ ಮುಂದೆ ನಿಂತು ತೋರಿಸುತ್ತಾರೆ.