ಏಲಕ್ಕಿ ಹಾರದ ಆಚೆ

ಹಾವೇರಿಯ ಏಲಕ್ಕಿ ಹಾರ ನಾಡಿನಲ್ಲೆಲ್ಲ ಪ್ರಸಿದ್ಧ. ಕಾಯಿ ಕಾಯಿ ಪೋಣಿಸಿ ಕಟ್ಟಿದ ಆ ಹಾರ ಗಣ್ಯರ ಕೊರಳಲ್ಲಿ ನಿಲ್ಲುವುದು ಛಾಯಾಚಿತ್ರ ಮುಗಿಯುವವರೆಗೆ. ಮರುಕ್ಷಣ ಸಹಾಯಕನ ಕೈಸೇರುತ್ತದೆ. ಹಾರಕ್ಕಾದರೂ ಅಷ್ಟು ಭಾಗ್ಯವುಂಟು. ರಾಣೆಬೆನ್ನೂರಿನಿಂದಲೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿಂದಲೋ ದಿನದ ಕೂಲಿ ಬಿಟ್ಟು ನೆಚ್ಚಿನ ನಟನನ್ನು ನೋಡಬಂದವನಿಗೆ ದಕ್ಕುವುದು ಅಂಗರಕ್ಷಕನ ಮೊಣಕೈ ತಿವಿತ.

ಡಾ. ರಾಜಕುಮಾರ್ ಅಭಿಮಾನಿಗಳನ್ನು ದೇವರುಗಳೆಂದು ಕರೆದರು. ವೇದಿಕೆಯಲ್ಲಿ ಆ ಮಾತನ್ನು ಅನುಕರಿಸದ ನಟರು ಇಂದು ವಿರಳ; ವೇದಿಕೆ ಇಳಿದೊಡನೆ ಕಾರಿನ ಗಾಜು ಏರುತ್ತದೆ. 2024ರ ಜನವರಿಯಲ್ಲಿ ನೆರೆಯ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಅವರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಹೋದ ಮೂವರು ಯುವಕರು ವಿದ್ಯುತ್ ತಗುಲಿ ಮಡಿದರು. ನಟ ಸ್ವತಃ ಆ ಊರಿಗೆ ಬಂದು ಕುಟುಂಬದವರನ್ನು ಕಂಡರು, ಇಂಥ ಅಭಿಮಾನ ಬೇಡವೆಂದರು. ಉಚಿತವಾದ ನಡೆಯೇ. ಆದರೆ ತಾರೆಯರಿಗೆ ಸಾಮಾನ್ಯನ ಮನೆಬಾಗಿಲು ಕಾಣಲು ಸಾವೇ ಸಂಭವಿಸಬೇಕೆ?

ತಪ್ಪು ತಾರೆಯರದಷ್ಟೇ ಅಲ್ಲ. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ಪೂಜಾಮದವೂ ಒಂದು: ಮನ್ನಣೆಯಿಂದ ಹುಟ್ಟುವ ಸೊಕ್ಕು. ಅದನ್ನು ತಟ್ಟೆ ತುಂಬ ಬಡಿಸುವವರು ಸಮಾರಂಭ ಏರ್ಪಡಿಸುವ ಟ್ರಸ್ಟುಗಳೇ. ದೊಡ್ಡ ದಾನಿಗೆ ನಟನ ಪಕ್ಕದ ಕುರ್ಚಿ. ಬಸದಿಯ ಅಂಗಳ ಗುಡಿಸಿದವಳಿಗೆ, ಪಂಕ್ತಿಗೆ ನೀರು ಹೊತ್ತವನಿಗೆ ಹಗ್ಗದಾಚೆಯ ಬಿಸಿಲು. ಇದಕ್ಕೆ ಭದ್ರತೆಯೆಂಬ ಹೆಸರು ಬೇರೆ!

ನಟನನ್ನು ಕರೆಯಲೇಬೇಕೆನ್ನುವ ಟ್ರಸ್ಟು ಮೊದಲು ಒಂದು ಷರತ್ತು ವಿಧಿಸಲಿ: ಅತಿಥಿ ಒಂದು ಗಂಟೆ ಹಗ್ಗವಿಲ್ಲದೆ, ಜನರ ನಡುವೆ, ಚಾಪೆಯ ಮೇಲೆ ಕುಳಿತಿರಬೇಕು. ಒಪ್ಪದವರ ಹೆಸರನ್ನು ಆಮಂತ್ರಣ ಪತ್ರಿಕೆಯಿಂದ ಬಿಟ್ಟುಬಿಡಲಿ.